ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ: ವಾಹನ ಎಣಿಕೆಗೆ ಸಿಗದ ದಾರಿಯ ಪ್ರಕರಣ

ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಲೋಕಾರ್ಪಣೆಯಾಯಿತು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ವೆಚ್ಚ ಸುಮಾರು 473 ಕೋಟಿ ರೂಪಾಯಿ. ಸಿಗಂದೂರು ಸೇತುವೆ ಎಂದು ಹೊರಗಿನವರು, ತುಮರಿ ಸೇತುವೆ ಎಂದು ಒಳಗಿನವರು ಕರೆಯುವ ಇದರ ಕೇಬಲ್‌ಗಳ ಚಿತ್ರ ಅಂದಿನಿಂದ ಎಲ್ಲರ ಮೊಬೈಲ್‌ಗಳಲ್ಲೂ ಓಡಾಡಿದೆ. ಅದರ ಚೆಲುವಿನ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಹೆದ್ದಾರಿ ಯೋಜನೆಗಳನ್ನು ಹತ್ತಿರದಿಂದ ಗಮನಿಸುವವರು ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡದ್ದು 1964ರಲ್ಲಿ. ದಾರಿ ಮುಳುಗಿದ್ದು ಆಗ. ಮರಳಿ ಸಿಕ್ಕಿದ್ದು 61 ವರ್ಷಗಳ ಮೇಲೆ. ಇಷ್ಟು ಕಾಲ ಯಾವ ಲೆಕ್ಕ ಅಡ್ಡ ನಿಂತಿತ್ತು? ಕೊನೆಗೆ ಯಾವ ಬಾಬಿನಿಂದ ಹಣ ಬಂತು? ಆ ಬಾಬಿನಿಂದಲೇ ಬಂದದ್ದರಿಂದ ಏನು ಬಾಕಿ ಉಳಿಯಿತು?

ಮುಳುಗಡೆಯ ನಂತರದ ಭೂಗೋಳ

ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1,819 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ. ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ಈ ನೀರನ್ನೇ ನಂಬಿಕೊಂಡಿದೆ. ಕರ್ನಾಟಕದ ಮನೆಗಳಿಗೂ ಕಾರ್ಖಾನೆಗಳಿಗೂ ದಶಕಗಳ ಕಾಲ ಅತಿ ಅಗ್ಗದ ವಿದ್ಯುತ್ ಕೊಟ್ಟದ್ದು ಇದೇ ನೀರು. 1940ರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಇದರಲ್ಲಿ ಮುಳುಗಿಹೋಯಿತು. ಬಿರುಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ಗೋಡೆ ಮೇಲೆ ಕಾಣುತ್ತದೆ. ಅಣೆಕಟ್ಟೆಯೇ ಮುಳುಗುವಷ್ಟು ನೀರಿನಲ್ಲಿ ಗದ್ದೆ, ತೋಟ, ಮನೆ, ಸಂತೆಯ ದಾರಿಗಳ ಗತಿ ಏನಾಗಿರಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ಕುಟುಂಬಗಳು ಎದ್ದು ಶಿವಮೊಗ್ಗ, ಹೊಸನಗರ, ಸೊರಬ, ಶಿಕಾರಿಪುರದ ಕಡೆ ಹೋದವು. ಅವರಲ್ಲಿ ಅನೇಕರ ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ಏಳದೆ ಉಳಿದವರ ಕಥೆ ಬೇರೆ. ಕರೂರು, ಭಾರಂಗಿ ಹೋಬಳಿಗಳ ಹಳ್ಳಿಗಳು ಹಿನ್ನೀರಿನ ಆಚೆ ಸಿಕ್ಕಿಕೊಂಡವು. ಇವನ್ನು ದ್ವೀಪ ಎನ್ನುವ ರೂಢಿ ಬಂದಿದೆ. ಸುತ್ತಲೂ ನೀರಿಲ್ಲ, ಪಶ್ಚಿಮಕ್ಕೆ ಘಟ್ಟದ ಕಾಡಿದೆ, ಅದರ ನಡುವೆ ಕೋಗಾರು ಕಡೆಗೂ ಕೊಲ್ಲೂರು ಕಡೆಗೂ ಕಿರಿದಾದ ದಾರಿಗಳಿವೆ. ಆದರೆ ತಾಲ್ಲೂಕು ಕಚೇರಿ, ದೊಡ್ಡ ಆಸ್ಪತ್ರೆ, ಕಾಲೇಜು, ಅಡಿಕೆ ಮಾರುಕಟ್ಟೆ ಎಲ್ಲವೂ ಸಾಗರದಲ್ಲಿ. ಹೊಳೆಬಾಗಿಲು ಎಂಬ ದೋಣಿಗಟ್ಟೆಯಲ್ಲಿ ಹಿನ್ನೀರು ದಾಟಿದರೆ ಸಾಗರ ಹತ್ತಿರ; ದಾಟಲಾಗದಿದ್ದರೆ ಕೋಗಾರು, ಕಾರ್ಗಲ್, ಜೋಗದ ಮೇಲೆ ಕಾಡಿನಲ್ಲಿ ದೊಡ್ಡ ಸುತ್ತು.

ದಾಟಿಸುತ್ತಿದ್ದುದು ಲಾಂಚ್. ಒಳನಾಡು ಜಲಸಾರಿಗೆಯ ಈ ದೋಣಿಗಳ ಮಟ್ಟಸವಾದ ಹಲಗೆಯ ಮೇಲೆ ಕಾರು, ಜೀಪು, ಬೈಕು, ಕೆಲವೊಮ್ಮೆ ಇಡೀ ಬಸ್ಸನ್ನೇ ಹತ್ತಿಸುತ್ತಿದ್ದರು. ದಡಕ್ಕೆ ಇಳಿಬಿಟ್ಟ ಕಬ್ಬಿಣದ ಹಲಗೆಯ ಮೇಲೆ ವಾಹನ ನಿಧಾನಕ್ಕೆ ಏರಬೇಕು. ಒಂದು ಕಡೆ ಭಾರ ಹೆಚ್ಚಾಗದಂತೆ ಎದುರು ಬದಿಗೆ ಇನ್ನೊಂದನ್ನು ನಿಲ್ಲಿಸಬೇಕು. ನಡುವಿನ ಸಂದುಗಳಲ್ಲಿ ಬೈಕುಗಳು, ಅವುಗಳ ನಡುವೆ ಹಾಲಿನ ಕ್ಯಾನು, ಅಕ್ಕಿಯ ಚೀಲ, ಶಾಲೆಯ ಮಕ್ಕಳು. ಜಾಗ ತುಂಬಿದ ಮೇಲೆ ಉಳಿದವರು ಮುಂದಿನ ಸರದಿಗೆ ಕಾಯಬೇಕು. ಹಬ್ಬದ ದಿನ, ರಜೆಯ ದಿನ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬಂದವರ ವಾಹನಗಳ ಸಾಲಿನಲ್ಲಿ ಊರಿನವರು ಕಳೆದುಹೋಗುತ್ತಿದ್ದರು. ಸಂಜೆ ಕೊನೆಯ ಸರದಿ ಮುಗಿದರೆ ಬೆಳಗಿನವರೆಗೆ ದಾರಿ ಮುಚ್ಚಿದಂತೆ. ಹೆರಿಗೆ ನೋವು, ಹಾವು ಕಡಿತ, ಎದೆನೋವುಗಳಿಗೆ ಈ ವೇಳಾಪಟ್ಟಿ ತಿಳಿಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಇನ್ನೊಂದು ಸಂಕಟ: ನೀರು ಇಳಿದು ಲಾಂಚ್ ದಡಕ್ಕೆ ಬರಲಾಗದೆ ವಾಹನ ಸಾಗಣೆಯೇ ನಿಲ್ಲುತ್ತಿತ್ತು. 2023ರ ಜೂನ್‌ನಲ್ಲಿ ಹೀಗೆಯೇ ಆಯಿತು.

ಎಣಿಕೆಯ ತೊಡಕು

ರಸ್ತೆಯ ಯೋಜನೆ ಸಾಮಾನ್ಯವಾಗಿ ವಾಹನ ಎಣಿಕೆಯಿಂದ ಹೊರಡುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಪದ್ಧತಿಯಂತೆ ಸತತ ಏಳು ದಿನ, ದಿನದ 24 ಗಂಟೆಯೂ ರಸ್ತೆಯ ಬದಿಯಲ್ಲಿ ಕುಳಿತು ಹಾದುಹೋಗುವ ವಾಹನಗಳನ್ನು ಬಗೆಬಗೆಯಾಗಿ ಲೆಕ್ಕ ಹಾಕುತ್ತಾರೆ. ಬೈಕು, ಬಸ್, ಲಾರಿ, ಎತ್ತಿನಗಾಡಿ ಎಲ್ಲವನ್ನೂ ಕಾರಿನ ಅಳತೆಗೆ ಇಳಿಸಿ ಒಂದು ಮೊತ್ತಕ್ಕೆ ಬರುತ್ತಾರೆ. ಬಯಲು ಸೀಮೆಯ ದ್ವಿಪಥ ರಸ್ತೆ ದಿನಕ್ಕೆ 15,000 ಕಾರುಗಳಿಗೆ ಸಮನಾದ ಸಂಚಾರ ತಾಳಿಕೊಳ್ಳುತ್ತದೆ, ತಿರುವು ಕಡಿಮೆಯಿರುವ ಗುಡ್ಡಗಾಡಿನ ರಸ್ತೆ 7,000, ತಿರುವು ಹೆಚ್ಚಿರುವುದು 5,000 ಎಂಬಂತಹ ಮಾನದಂಡಗಳಿವೆ. ಇಂದಿನ ಸಂಚಾರಕ್ಕೆ ವರ್ಷದ ಬೆಳವಣಿಗೆ ದರ ಸೇರಿಸಿ, ಉಳಿಯುವ ಇಂಧನ ಮತ್ತು ಸಮಯಕ್ಕೆ ಬೆಲೆ ಕಟ್ಟಿ, ಹಾಕಿದ ಹಣಕ್ಕೆ ಎಷ್ಟು ಪ್ರತಿಫಲ ಎಂದು ನೋಡುತ್ತಾರೆ. ಶೇಕಡಾ 12 ದಾಟಿದರೆ ಯೋಜನೆ ಲಾಭದಾಯಕ ಎಂಬುದು ಬಹುಕಾಲದ ರೂಢಿ.

ಇದೇ ಲೆಕ್ಕವನ್ನು ಹೊಳೆಬಾಗಿಲಿಗೆ ಹಿಡಿದು ನೋಡಿ. ಅಲ್ಲಿ ದಿನಕ್ಕೆ ಎಷ್ಟು ವಾಹನ ದಾಟುತ್ತವೆ ಎಂದು ಎಣಿಸಿದರೆ ಸಿಗುವುದು ಲಾಂಚ್‌ಗೆ ಎಷ್ಟು ಹೊರಲು ಸಾಧ್ಯ ಎಂಬ ಸಂಖ್ಯೆ. ರಾತ್ರಿಯ ಎಣಿಕೆ ಸೊನ್ನೆ, ಏಕೆಂದರೆ ರಾತ್ರಿ ಲಾಂಚ್ ಇಲ್ಲ. ದಾಟಲಾಗದೆ ಮನೆಯಲ್ಲೇ ಉಳಿದ ರೋಗಿ, ಸಾಗರದಲ್ಲೇ ಬಾಡಿಗೆ ಕೋಣೆ ಹಿಡಿದ ವಿದ್ಯಾರ್ಥಿ, ವ್ಯಾಪಾರಿ ಬಂದಾಗಲೇ ಅವನು ಹೇಳಿದ ಬೆಲೆಗೆ ಅಡಿಕೆ ಕೊಟ್ಟುಬಿಡುವ ರೈತ, ಇವರ್‍ಯಾರೂ ಆ ಕಾಗದದಲ್ಲಿ ಇಲ್ಲ. ದಾರಿಯಿಲ್ಲದ ಕಾರಣಕ್ಕೆ ಸಂಚಾರ ಕಡಿಮೆ. ಸಂಚಾರ ಕಡಿಮೆ ಎಂಬ ಕಾರಣಕ್ಕೆ ದಾರಿಯಿಲ್ಲ. ಈ ಸುಳಿಯಲ್ಲಿ ಸಿಕ್ಕ ಯಾವ ಹಳ್ಳಿಯೂ ಎಣಿಕೆಯ ಬಲದಿಂದ ಹೊರಬರಲಾರದು. ಶರಾವತಿ ಹಿನ್ನೀರಿನ ಜನ ಸೇತುವೆಗಾಗಿ ದಶಕಗಳ ಕಾಲ ಅರ್ಜಿ ಹಿಡಿದು ಅಲೆದದ್ದು, ಧರಣಿ ಕೂತದ್ದು ಅದಕ್ಕೇ. ಲೆಕ್ಕ ಅವರ ಪರವಾಗಿ ಎಂದೂ ಇರಲಿಲ್ಲ. ಇದ್ದುದು ಅವರ ದನಿ ಮಾತ್ರ.

ನನ್ನ ದೃಷ್ಟಿಯಲ್ಲಿ ಇಲ್ಲಿ ವಾಹನ ಎಣಿಕೆಯ ಅಗತ್ಯವೇ ಇರಲಿಲ್ಲ. ಇದು ಮುಂದಿನ ಸಂಚಾರಕ್ಕಾಗಿ ಹಾಕುವ ಬಂಡವಾಳವಲ್ಲ, 1964ರ ಬಾಕಿ. ಅಣೆಕಟ್ಟೆಯ ಅಂದಾಜು ಪಟ್ಟಿಯಲ್ಲೇ ದಾಟುವ ದಾರಿಯೂ ಒಂದು ಬಾಬಾಗಿ ಇರಬೇಕಿತ್ತು. 2013ರ ಭೂಸ್ವಾಧೀನ ಕಾಯ್ದೆ ತನ್ನ ಮೂರನೇ ಅನುಸೂಚಿಯಲ್ಲಿ, ಸ್ಥಳಾಂತರಗೊಂಡವರ ಊರಿಗೆ ಹತ್ತಿರದ ಪಕ್ಕಾ ರಸ್ತೆಯವರೆಗೆ ಸರ್ವಋತು ರಸ್ತೆಯನ್ನು ಕೊಡಲೇಬೇಕಾದ ಸೌಕರ್ಯವಾಗಿ ಬರೆದಿದೆ. ಅರವತ್ತರ ದಶಕದಲ್ಲಿ ಹಾಗೆ ಬರೆದ ಕಾನೂನು ಇರಲಿಲ್ಲ. ಕಾನೂನು ಇರಲಿಲ್ಲ ಎಂಬುದರಿಂದ ಬಾಕಿ ತೀರಿಹೋಗುವುದಿಲ್ಲ.

ಹಣ ಬಂದ ಬಾಗಿಲು

ರಾಜ್ಯದ ಕೈಯಲ್ಲಿ ದಾರಿಗಳು ಇರಲಿಲ್ಲವೇ? ಇದ್ದವು, ಆದರೆ ಯಾವುದೂ ಈ ಅಳತೆಗೆ ಸಾಲುತ್ತಿರಲಿಲ್ಲ. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿ 1995–96ರಿಂದ ಹಳ್ಳಿಯ ರಸ್ತೆ, ಸೇತುವೆಗಳಿಗೆ ರಾಜ್ಯಗಳಿಗೆ ಸಾಲ ಕೊಡುತ್ತಿದೆ. ಆದರೆ ಅದನ್ನು ಹತ್ತಾರು ತಾಲ್ಲೂಕುಗಳ ನೂರಾರು ಚಿಕ್ಕ ಕಾಮಗಾರಿಗಳಿಗೆ ಹಂಚಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತ ಬಯಲು ಪ್ರದೇಶಗಳಲ್ಲಿ 150 ಮೀಟರ್ ಉದ್ದದವರೆಗಿನ ಸೇತುವೆಗೆ ಮಾತ್ರ ಹಣ ಕೊಡುತ್ತದೆ. ಇಲ್ಲಿನ ನೀರಿನ ಅಗಲ ಎರಡು ಕಿಲೋಮೀಟರ್ ಮೀರಿದ್ದು. ಪೆಟ್ರೋಲ್, ಡೀಸೆಲ್ ಮೇಲಿನ ಸೆಸ್‌ನಿಂದ ತುಂಬುವ ಕೇಂದ್ರೀಯ ರಸ್ತೆ ಮತ್ತು ಮೂಲಸೌಕರ್ಯ ನಿಧಿಯಿಂದ ರಾಜ್ಯದ ರಸ್ತೆಗಳಿಗೂ ಒಂದು ಪಾಲು ಬರುತ್ತದೆ. ಅದರಲ್ಲಿ ಇಡೀ ರಾಜ್ಯದ ಬೇಡಿಕೆಗಳು ಪೈಪೋಟಿಗೆ ನಿಲ್ಲುತ್ತವೆ. ಒಂದೇ ತಾಲ್ಲೂಕಿನ ಒಂದೇ ಸೇತುವೆಗೆ ನಾನೂರು ಚಿಲ್ಲರೆ ಕೋಟಿ ಕೊಡುತ್ತೇನೆ ಎಂದು ಬಜೆಟ್‌ನಲ್ಲಿ ಬರೆಯುವ ಧೈರ್ಯ ಯಾವ ಹಣಕಾಸು ಸಚಿವರಿಗೂ ಬರುವುದು ಕಷ್ಟ.

ಟೋಲ್‌ನಿಂದ ಹಣ ಎತ್ತುವ ಮಾತೂ ಇಲ್ಲಿ ನಡೆಯುವಂಥದ್ದಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ ಬೆಂಗಳೂರಿನ ಕಡೆಯ ಸಂಚಾರ ಕಣ್ಣೆದುರಿಗಿರುತ್ತದೆ. ಅಂತಹ ರಸ್ತೆಗಳಿಗೆ ಖಾಸಗಿ ಹಣ ತರುವ ವಿಧಾನಗಳಿವೆ: ಹೈಬ್ರಿಡ್ ಆನ್ಯುಟಿ ಪದ್ಧತಿಯಲ್ಲಿ ನಿರ್ಮಾಣದ ಸಮಯದಲ್ಲಿ ಸರ್ಕಾರ ಶೇಕಡಾ 40ರಷ್ಟನ್ನು ಕೊಟ್ಟು, ಉಳಿದದ್ದನ್ನು ಕಂಪನಿ ಹೂಡಿ, ಮುಂದೆ ವರ್ಷಗಟ್ಟಲೆ ಕಂತುಗಳಲ್ಲಿ ಮರಳಿ ಪಡೆಯುತ್ತದೆ. ಶರಾವತಿ ಹಿನ್ನೀರಿನ ಅಡಿಕೆ ತೋಟಗಳ ನಡುವೆ ಈ ಲೆಕ್ಕಾಚಾರಕ್ಕೆ ಆಸ್ಪದವಿಲ್ಲ. ಪೂರ್ಣ ಸರ್ಕಾರಿ ಹಣವೇ ಬೇಕಿತ್ತು.

ಬಾಗಿಲು ತೆರೆದದ್ದು ರಸ್ತೆಯ ದರ್ಜೆ ಬದಲಾದಾಗ. ಸಾಗರದಿಂದ ಸಿಗಂದೂರು ಮೇಲೆ ಮರಕುಟಿಕ ಎಂಬ ಊರಿನವರೆಗಿನ ದಾರಿಗೆ ರಾಷ್ಟ್ರೀಯ ಹೆದ್ದಾರಿ 369ಇ ಎಂಬ ಸಂಖ್ಯೆ ಸಿಕ್ಕಿತು. ಹೊಳೆ ಅದೇ, ಜನ ಅದೇ, ಲಾಂಚ್ ಅದೇ. ಆದರೆ ಈಗ ಅದು ಸಾಗರ ತಾಲ್ಲೂಕಿನ ಎರಡು ಹೋಬಳಿಗಳ ಕೂಗಾಗಿ ಉಳಿಯಲಿಲ್ಲ. ಮಲೆನಾಡನ್ನು ಕೊಲ್ಲೂರು, ಬೈಂದೂರು ಕಡೆಯ ಕರಾವಳಿಗೆ ಜೋಡಿಸುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಡಿದುಹೋದ ಕೊಂಡಿ ಎಂದು ಕಡತದಲ್ಲಿ ಕಾಣತೊಡಗಿತು. ಕೇಂದ್ರದ ಸಚಿವಾಲಯ ಅದನ್ನು ತನ್ನ ಖರ್ಚಿನಲ್ಲಿ ಕಟ್ಟಬಹುದಾಯಿತು. 2018ರಲ್ಲಿ ಗಡ್ಕರಿ ಅವರೇ ಶಂಕುಸ್ಥಾಪನೆ ಮಾಡಿದರು. ಜಿಲ್ಲೆಯ ಹಿರಿಯ ರಾಜಕಾರಣಿ ಬಿ.ಎಸ್. ಯಡಿಯೂರಪ್ಪ ಮತ್ತು ಸಂಸದ ಬಿ.ವೈ. ರಾಘವೇಂದ್ರ ದೆಹಲಿಯಲ್ಲಿ ಹಾಕಿದ ಒತ್ತಡ ಫಲ ಕೊಟ್ಟಿತು ಎಂಬುದನ್ನು ಅವರ ವಿರೋಧಿಗಳೂ ಅಲ್ಲಗಳೆಯುವುದಿಲ್ಲ. ರಾಜಕೀಯ ಬಲವಿಲ್ಲದ ಹೋಬಳಿಗೆ ಇದೇ ಸಂಖ್ಯೆ ಇದೇ ವೇಗದಲ್ಲಿ ಸಿಗುತ್ತಿತ್ತೇ ಎಂಬ ಅನುಮಾನ ಮಾತ್ರ ನನ್ನಲ್ಲಿ ಉಳಿದಿದೆ. ಮಲೆನಾಡಿನಲ್ಲಿ ಇಂಥ ಹೋಬಳಿಗಳು ಬೇಕಾದಷ್ಟಿವೆ.

ನೀರಿನೊಳಗಿನ ಕೆಲಸ

ಗುತ್ತಿಗೆ ಇಪಿಸಿ ಮಾದರಿಯದು. ವಿನ್ಯಾಸ, ಸಾಮಗ್ರಿ, ನಿರ್ಮಾಣ ಮೂರೂ ಒಬ್ಬನೇ ಗುತ್ತಿಗೆದಾರನ ಹೊಣೆ; ದಿಲೀಪ್ ಬಿಲ್ಡ್‌ಕಾನ್ ಈ ಕೆಲಸ ಪಡೆಯಿತು. ಶಂಕುಸ್ಥಾಪನೆಯಾದರೂ ಕಾಮಗಾರಿಗೆ ಚಾಲನೆ ಸಿಕ್ಕಿದ್ದು 2019ರ ಕೊನೆಯಲ್ಲಿ. ಯಂತ್ರಗಳು ಬಂದು ನಿಲ್ಲುವಷ್ಟರಲ್ಲಿ ಕೋವಿಡ್ ಲಾಕ್‌ಡೌನ್.

ಈ ಸೇತುವೆ ಹೊಳೆಯ ಮೇಲೆ ಕಟ್ಟಿದ್ದಲ್ಲ, ಜಲಾಶಯದ ಮೇಲೆ ಕಟ್ಟಿದ್ದು ಎಂಬುದನ್ನು ನೆನಪಿಡಬೇಕು. ಬೇಸಿಗೆಯಲ್ಲಿ ಬಹುಪಾಲು ಹೊಳೆಗಳ ತಳ ಕಾಣುತ್ತದೆ. ಮರಳ ಮೇಲೆ ಆಸರೆ ನಿಲ್ಲಿಸಿ ಕಂಬ ಎಬ್ಬಿಸಬಹುದು. ಹಿನ್ನೀರಿನ ನಡುಭಾಗ ಬೇಸಿಗೆಯಲ್ಲೂ ಆಳ. ವಿದ್ಯುತ್ ಬೇಡಿಕೆ ಹೆಚ್ಚಾದಂತೆ ನೀರು ಇಳಿಯುತ್ತದೆ, ಜೂನ್ ಕಳೆದು ಮಲೆನಾಡಿನ ಮಳೆ ಹಿಡಿಯಿತೆಂದರೆ ವಾರ ವಾರಕ್ಕೂ ಏರುತ್ತದೆ. ಹೀಗೆ ಏರಿಳಿಯುವ ನೀರಿನ ಮೇಲೆ ತೇಲುವ ಕಟ್ಟೆಯಿಂದ ಉಕ್ಕಿನ ಕೊಳವೆಯನ್ನು ಇಳಿಸಿ, ಅದರೊಳಗೆ ತಳದ ಬಂಡೆಯವರೆಗೆ ಕೊರೆದು, ಕಬ್ಬಿಣದ ಪಂಜರ ಇಟ್ಟು, ನೀರೊಳಗೇ ಕಾಂಕ್ರೀಟ್ ತುಂಬಿಸುವುದು ಇಂತಹ ಕಡೆ ಅನುಸರಿಸುವ ವಿಧಾನ. ಕಾಂಕ್ರೀಟನ್ನು ಮೇಲಿನಿಂದ ಸುರಿಯುವಂತಿಲ್ಲ, ಸಿಮೆಂಟು ತೊಳೆದುಹೋಗುತ್ತದೆ. ಉದ್ದನೆಯ ಪೈಪನ್ನು ತಳಕ್ಕೆ ಮುಟ್ಟಿಸಿ ಅಲ್ಲಿಂದ ತುಂಬುತ್ತಾ ಬರುತ್ತಾರೆ. ಪೈಪಿನ ಬಾಯಿ ಸದಾ ಹೊಸ ಕಾಂಕ್ರೀಟಿನೊಳಗೆ ಹೂತಿರಬೇಕು. ಒಮ್ಮೆ ಅದು ಮೇಲೆದ್ದು ನೀರು ಒಳನುಗ್ಗಿತೋ ಆ ಕಂಬದ ಬುಡವನ್ನು ನಂಬುವಂತಿಲ್ಲ. ಸುರಿಯುವ ಮಳೆಯಲ್ಲಿ, ಗಾಳಿಗೆ ತೊನೆಯುವ ಕಟ್ಟೆಯ ಮೇಲೆ ನಿಂತು ಇದನ್ನು ಮಾಡಿದ ಕಾರ್ಮಿಕರ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ. ಬರಬೇಕಿತ್ತು.

ಆಳವಾದ ಭಾಗದಲ್ಲಿ ಸುಮಾರು 740 ಮೀಟರ್ ಉದ್ದಕ್ಕೆ ಕೇಬಲ್‌ಗಳ ಆಧಾರವಿದೆ. ಅಲ್ಲಿ ಕಂಬಗಳ ಸಂಖ್ಯೆ ಕಡಿಮೆ ಮಾಡುವುದೇ ಜಾಣತನ. ಪ್ರತಿ ಕಂಬವೂ ಆಳದ ನೀರಿನಲ್ಲಿ ಒಂದು ಯುದ್ಧ. ಕಂಬದ ಎರಡೂ ಬದಿಗೆ ಸಮತೂಕದಲ್ಲಿ ಸೇತುವೆಯ ಮೈಯನ್ನು ತುಂಡು ತುಂಡಾಗಿ ಬೆಳೆಸುತ್ತಾ, ಗಿಡ್ಡ ಗೋಪುರಗಳಿಂದ ಕೇಬಲ್ ಎಳೆದು ಕಟ್ಟುತ್ತಾ ಹೋಗುವ ಈ ಕ್ರಮದಲ್ಲಿ ಕೆಳಗೆ ನೀರಿನಲ್ಲಿ ಆಸರೆ ನಿಲ್ಲಿಸುವ ಗೋಜಿಲ್ಲ. ಒಂದು ಬದಿಗೆ ಒಂದು ತುಂಡು ಬೆಳೆದರೆ ಇನ್ನೊಂದು ಬದಿಗೂ ಅಷ್ಟೇ ಬೆಳೆಯಬೇಕು. ಎರಡು ಕಂಬಗಳಿಂದ ಚಾಚಿ ಬಂದ ತುದಿಗಳು ನಡುವೆ ಕೂಡಿಕೊಳ್ಳುವಾಗ ಮಟ್ಟ ಕೂದಲಿನಷ್ಟೂ ತಪ್ಪದಂತೆ ನೋಡಿಕೊಳ್ಳಬೇಕು. ಸೇತುವೆಯ ಅಗಲ 16 ಮೀಟರ್, ಎರಡೂ ಬದಿಗೆ ಪಾದಚಾರಿಗಳಿಗೆ ಜಾಗವಿದೆ. ಪಾದಚಾರಿ ಜಾಗವನ್ನು ವೆಚ್ಚ ಉಳಿಸುವ ನೆಪದಲ್ಲಿ ಕೈಬಿಡದೆ ಇದ್ದದ್ದು ನನಗೆ ಮೆಚ್ಚುಗೆಯಾದ ಸಂಗತಿ.

ಸೇತುವೆಯ ಎರಡು ತುದಿಗಳು

ಇಲ್ಲಿಂದ ಮುಂದೆ ನನ್ನ ತಕರಾರು. 473 ಕೋಟಿಯನ್ನು 2.44 ಕಿಲೋಮೀಟರ್‌ಗೆ ಹಂಚಿದರೆ ಕಿಲೋಮೀಟರಿಗೆ ಸುಮಾರು 194 ಕೋಟಿ. ಅದೇ ಹೆದ್ದಾರಿಯ ಉಳಿದ ಭಾಗಕ್ಕೆ ಬಂದರೆ, ಆವಿನಹಳ್ಳಿ ಕಡೆಯಿಂದ ಬರುವ ದಾರಿಯಲ್ಲೂ, ಕಳಸವಳ್ಳಿ ದಾಟಿ ತುಮರಿ, ಸಿಗಂದೂರು ಮೇಲೆ ಘಟ್ಟದ ಕಡೆ ಹೋಗುವ ದಾರಿಯಲ್ಲೂ ಎದುರಿಗೆ ಬಸ್ ಬಂದರೆ ಮಣ್ಣಿಗೆ ಇಳಿಯಬೇಕಾದ ಜಾಗಗಳಿವೆ. ಸೇತುವೆ ಒಂದು ವಸ್ತುವಾಗಿ ಮಂಜೂರಾಯಿತು, ದಾರಿ ದಾರಿಯಾಗಿ ಮಂಜೂರಾಗಲಿಲ್ಲ. ಮೊದಲು ಲಾಂಚ್ ಒಂದು ಜರಡಿಯಂತೆ ಕೆಲಸ ಮಾಡುತ್ತಿತ್ತು: ಒಮ್ಮೆಗೆ ಇಷ್ಟೇ ವಾಹನ ಎಂದು ಅದೇ ತಡೆದು ಬಿಡುತ್ತಿತ್ತು. ಈಗ ಆ ತಡೆ ಹೋಯಿತು. ಹಬ್ಬದ ದಿನ ಸಿಗಂದೂರಿಗೆ ಬರುವ ಸಂಚಾರವೆಲ್ಲ ಹಳ್ಳಿಯ ಮನೆಗಳ ಅಂಗಳಕ್ಕೆ ತಾಗಿದ ಕಿರಿದಾದ ರಸ್ತೆಯ ಮೇಲೆ ಒಟ್ಟಿಗೆ ಬೀಳುತ್ತದೆ.

ಹಾಗೆಂದು ಸೇತುವೆಯ ಅಗಲಕ್ಕೇ ದಾರಿಯನ್ನೂ ಅಗಲ ಮಾಡಿ ಎಂದು ಕೇಳುವವರ ಜೊತೆ ನಾನಿಲ್ಲ. ಹಿನ್ನೀರಿನ ದೊಡ್ಡ ಭಾಗ ಶರಾವತಿ ಕಣಿವೆ ಅಭಯಾರಣ್ಯದೊಳಗಿದೆ. 1972ರಲ್ಲಿ ಘೋಷಣೆಯಾದ ಈ ಅಭಯಾರಣ್ಯವನ್ನು 2019ರಲ್ಲಿ ಸುತ್ತಲಿನ ಕಾಡು ಸೇರಿಸಿ, ಸಿಂಗಳೀಕಗಳ ಹೆಸರಿನಲ್ಲಿ ಸುಮಾರು 930 ಚದರ ಕಿಲೋಮೀಟರ್‌ಗೆ ವಿಸ್ತರಿಸಲಾಯಿತು. ಸಿಂಗಳೀಕ ಮರದಿಂದ ಮರಕ್ಕೆ ದಾಟುವ ಪ್ರಾಣಿ. ರಸ್ತೆಯ ಮೇಲಿನ ಹಸಿರು ಚಪ್ಪರ ಕಡಿದರೆ ಅದರ ಹಿಂಡು ಎರಡಾಗಿ ಹೋಗುತ್ತದೆ. ಇಲ್ಲಿ ಬೇಕಾಗಿರುವುದು ಬೇರೆ ಬಗೆಯ ಹೆದ್ದಾರಿ ಸುಧಾರಣೆ. ದೃಷ್ಟಿ ಸಿಗದ ತಿರುವುಗಳಲ್ಲಿ ಮಾತ್ರ ಅಗಲೀಕರಣ, ಅಲ್ಲಲ್ಲಿ ಎದುರು ವಾಹನಕ್ಕೆ ಜಾಗ ಬಿಡುವ ಕಟ್ಟೆಗಳು, ಗಟ್ಟಿಯಾದ ರಸ್ತೆ ಬದಿ. ಎಲ್ಲಕ್ಕಿಂತ ಮೊದಲು ಚರಂಡಿ ಮತ್ತು ಮೋರಿ. ಮಲೆನಾಡಿನ ರಸ್ತೆ ಕೆಡುವುದು ವಾಹನಗಳ ಭಾರಕ್ಕಿಂತ ಹೆಚ್ಚಾಗಿ ನೀರಿನಿಂದ. ಧರೆಯಿಂದ, ಅಂದರೆ ರಸ್ತೆ ಬದಿಯ ದಿಬ್ಬದಿಂದ, ಇಳಿದ ನೀರಿಗೆ ದಾರಿ ಕೊಡದೆ ಡಾಂಬರು ಹಾಕಿದರೆ ಎರಡನೇ ಮಳೆಗಾಲಕ್ಕೆ ಜಲ್ಲಿ ಮೇಲೆ ಬರುತ್ತದೆ. ಧರೆಯನ್ನು ನೆಟ್ಟಗೆ ಕಡಿದರೆ ಮೂರನೇ ಮಳೆಗಾಲಕ್ಕೆ ಧರೆಯೇ ರಸ್ತೆಗೆ ಬರುತ್ತದೆ. ಆಗುಂಬೆ ಘಾಟಿಯಲ್ಲಿ ಮಳೆಗಾಲ ಬಂದಾಗಲೆಲ್ಲ ಭಾರಿ ವಾಹನ ನಿಷೇಧದ ಆದೇಶ ಓದಿ ಓದಿ ನಮಗೆ ಇದು ಬಾಯಿಪಾಠವಾಗಿದೆ.

ಇನ್ನೂ ಒಂದು ವಿಷಯವನ್ನು ಯೋಜನೆ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಲಾಂಚ್‌ಗೆ ಕಾಯುವ ಜನರನ್ನೇ ನಂಬಿ ಹೊಳೆಬಾಗಿಲಿನ ಎರಡೂ ದಡದಲ್ಲಿ ಹೋಟೆಲು, ಹಣ್ಣಿನಂಗಡಿ, ಜೀಪಿನ ಬಾಡಿಗೆ ನಡೆಯುತ್ತಿದ್ದವು. ಕಾಯುವಿಕೆ ನಿಂತ ದಿನವೇ ಆ ವ್ಯಾಪಾರವೂ ನಿಂತಿತು. ಹೆದ್ದಾರಿಗೆ ಜಮೀನು ಕೊಟ್ಟವರಿಗೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಪರಿಹಾರವಿದೆ. ದಾರಿ ಬದಲಾದ ಕಾರಣಕ್ಕೆ ದುಡಿಮೆ ಕಳೆದುಕೊಂಡವರಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಸೇತುವೆಯ ತುದಿಯಲ್ಲಿ ವಾಹನ ನಿಲುಗಡೆಗೂ ಅಂಗಡಿಗೂ ಜಾಗ ಗುರುತಿಸಿ, ಮೊದಲ ಹಕ್ಕನ್ನು ಅವರಿಗೇ ಕೊಡುವುದು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಿನ ಕೆಲಸವೇನಲ್ಲ. ಲಾಂಚ್ ನಡೆಸಿದ ಕೈಗಳಿಗೆ ಹಿನ್ನೀರಿನ ಸುಳಿ, ದಿಬ್ಬ, ಗಾಳಿ ಎಲ್ಲವೂ ಗೊತ್ತು. ಪ್ರವಾಸದ ದೋಣಿಗಳನ್ನು ಬಿಡುವುದಾದರೆ ಆ ಕೆಲಸ ಹೊರಗಿನ ಗುತ್ತಿಗೆದಾರರ ಪಾಲಾಗಬಾರದು.

ಉದ್ಘಾಟನೆಯ ದಿನ ಆಹ್ವಾನದ ವಿಷಯವಾಗಿ ರಾಜ್ಯ ಮತ್ತು ಕೇಂದ್ರಗಳ ನಡುವೆ ಪತ್ರಗಳ ಜಟಾಪಟಿ ನಡೆದು, ಮುಖ್ಯಮಂತ್ರಿ ಸಿದ್ದರಾಮಯ್ಯ ಸಮಾರಂಭಕ್ಕೆ ಬರಲಿಲ್ಲ. ಅದರಲ್ಲಿ ಯಾರದು ಸರಿ ಎಂಬ ಚರ್ಚೆ ಸಾಕಷ್ಟಾಗಿದೆ. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಸೇತುವೆ ಕೇಂದ್ರದ್ದು, ಅದರ ಮೇಲೆ ಓಡಬೇಕಾದ ಬಸ್ ರಾಜ್ಯದ್ದು. ಹೆದ್ದಾರಿ ಕೇಂದ್ರದ್ದು, ಅದಕ್ಕೆ ಕೂಡುವ ಹಳ್ಳಿ ರಸ್ತೆಗಳು, ಆಂಬುಲೆನ್ಸ್, ತುಮರಿಯ ಆಸ್ಪತ್ರೆಯ ವೈದ್ಯರ ಹುದ್ದೆ ರಾಜ್ಯದ್ದು. ಕಾಡಿನ ಅನುಮತಿಗೆ ಇಬ್ಬರೂ ಬೇಕು. ಒಂದೇ ವೇದಿಕೆಗೆ ಬರಲಾಗದವರು ಒಂದೇ ಕಡತಕ್ಕೆ ಸಹಿ ಹಾಕಬೇಕಾದ ಕೆಲಸಗಳೇ ಇನ್ನು ಉಳಿದಿರುವುದು.

ಇದೇ ಹಿನ್ನೀರಿನ ಮೇಲೆ ಹಸಿರುಮಕ್ಕಿಯಲ್ಲಿಯೂ ಲಾಂಚ್ ಇದೆ. ಅಲ್ಲಿನ ಸೇತುವೆಗೆ ರಾಜ್ಯವೇ ಹಣ ಕೊಡುತ್ತಿದೆ. ಅಂಬಾರಗೋಡ್ಲಿಗಿಂತ ಚಿಕ್ಕದಾದರೂ, ನೀರು ಇಳಿದ ತಿಂಗಳುಗಳಲ್ಲಿ ಮಾತ್ರ ಚುರುಕಾಗುವ ಆ ಕಾಮಗಾರಿ ವರ್ಷಗಳಿಂದ ಕುಂಟುತ್ತಿದೆ. ಹಸಿರುಮಕ್ಕಿಯವರಿಗೆ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ ಸಿಗಲಿಲ್ಲ. ಆ ಸೇತುವೆಗೆ ವರ್ಷ ವರ್ಷವೂ ಎಷ್ಟು ಅನುದಾನ ಬಿಡುಗಡೆಯಾಗುತ್ತದೆ, ಯಾವ ಬೇಸಿಗೆಗೆ ಎಷ್ಟು ಕಂಬ ಮುಗಿಯಬೇಕು, ಎರಡೂ ಬದಿಯ ಕೂಡು ರಸ್ತೆಯ ಅಂದಾಜು ಪಟ್ಟಿ ಎಲ್ಲಿದೆ ಎಂಬುದನ್ನು ಸಾಗರ ಮತ್ತು ಹೊಸನಗರದ ತಾಲ್ಲೂಕು ಕಚೇರಿಗಳ ಫಲಕದಲ್ಲಿ ಬರೆದು ಹಾಕಬೇಕೆಂದು ನಾವು ಕೇಳಬೇಕು. ಕೂಡು ರಸ್ತೆಯ ಹಣ ಸೇತುವೆಯ ಹಣದ ಜೊತೆಯಲ್ಲೇ, ಒಂದೇ ಮಂಜೂರಾತಿ ಪತ್ರದಲ್ಲಿ ಬರಬೇಕು.